ಫ್ರೀ ಡಿಶ್, ಟಿವಿಹೆಡೆಂಡ್: ಸಂಜೀಕ ಬರ್ತೈತಿ, ಹಗಲಿನ್ಯಾಗ ಲಾಕ್ ಇಲ್ಲ

ಹುಬ್ಬಳ್ಳಿ_ಹೈದ:
ತಲಿ ಕೆಟ್ಟು ಹೋಗೈತ್ರೀ. ಡಿಡಿ ಫ್ರೀ ಡಿಶ್, ಅಂದ್ರ ದೂರದರ್ಶನದ ಪುಕ್ಕಟ ಡಿಶ್ ಟಿವಿ, ನೋಡಾಕ ಕಂಪ್ಯೂಟರಿಗೆ ಡಿಶ್ ಟ್ಯೂನರ್ ಹಚ್ಚಿ ಟಿವಿಹೆಡೆಂಡ್ ಅನ್ನೋ ಟಿವಿ ಸಾಫ್ಟ್‌ವೇರ್ ಹಾಕೀನಿ. ಸಂಜೀಕ ಡಿಡಿ ಚಂದನ ಚಲೋ ಬರ್ತೈತಿ. ಹಗಲಿನ್ಯಾಗ ಒಂದು ಚಾನೆಲ್ಲೂ ಲಾಕ್ ಆಗಂಗಿಲ್ಲ, ಸಿಗ್ನಲ್ಲs ಹಿಡಿಯಂಗಿಲ್ಲ. ಡ್ರೈವರ್ ಎರಡು ಸಲ ಹಾಕಿದೆ, ಉಬುಂಟು ಸುದ್ದಾ ಹೊಸದಾಗಿ ಹಾಕಿದೆ. ಸೆಟ್ಟಿಂಗ್ ಎಲ್ಲಾ ಬರೋಬ್ಬರಿ ಅದಾವ. ಏನರ ಉಪಾಯ ಹೇಳ್ರಿ.

ಕುಡ್ಲ_ಡಿಶ್:
ಸೆಟ್ಟಿಂಗ್ ಸರಿ ಉಂಟು ಅಂತ ನೀವೇ ಹೇಳಿದರೆ ನಾವು ಎಂತ ಹೇಳುವುದು ಮಾರಾಯ್ರೆ? ಟ್ಯೂನರ್ ಯಾವುದು, ಡಿಶ್ ಎದುರಿನ ತೋಳಲ್ಲಿ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ ಯಾವುದು, ಅದು ಸಿಗ್ನಲ್‌ನಿಂದ ಕಳೆಯುವ ಫ್ರೀಕ್ವೆನ್ಸಿ, ಅಂದರೆ ಎಲ್‌ಒ, ಎಷ್ಟು ಕೊಟ್ಟಿದ್ದೀರಿ?

ಹುಬ್ಬಳ್ಳಿ_ಹೈದ:
ಟಿಬಿಎಸ್ 5927, 12 ವೋಲ್ಟ್ ಅಡಾಪ್ಟರ್ ಹಚ್ಚೀನಿ. ಯೂನಿವರ್ಸಲ್ ಎಲ್‌ಎನ್‌ಬಿ, 9750/10600. ಫ್ರೀಕ್ವೆನ್ಸಿ 11090 ವರ್ಟಿಕಲ್, ಸಿಂಬಲ್ ರೇಟ್ 29500. 60 ಸೆಂ.ಮೀ. ಡಿಶ್.

ಕುಡ್ಲ_ಡಿಶ್:
ಹಾಗಾದರೆ ಡಿಶ್‌ದೇ ತೊಂದರೆ. ಹುಬ್ಬಳ್ಳಿಯಿಂದ ಫ್ರೀ ಡಿಶ್‌ನ ಉಪಗ್ರಹ ಜಿಸ್ಯಾಟ್-15ಕ್ಕೆ, ಅಂದರೆ 93.5 ಡಿಗ್ರಿ ಪೂರ್ವಕ್ಕೆ, ಅಜಿಮತ್ (ಉತ್ತರದಿಂದ ಬಲಕ್ಕೆ ತಿರುಗುವ ಕೋನ) ಸುಮಾರು 128, ಎಲಿವೇಶನ್ (ಮೇಲಕ್ಕೆ ಎತ್ತುವ ಕೋನ) 62. ಎಲ್‌ಎನ್‌ಬಿ ಕೆಳಬದಿಗೆ ಇರುವ ಆಫ್‌ಸೆಟ್ ಡಿಶ್ ಆದ ಕಾರಣ ಕಣ್ಣಿಗೆ ಅಷ್ಟು ಮೇಲೆ ನೋಡಿದ ಹಾಗೆ ಕಾಣುವುದಿಲ್ಲ. ಕ್ಲಾಂಪ್ ಸಡಿಲ ಇದ್ದರೆ ಬಿಸಿಲಿಗೆ ಕಬ್ಬಿಣ ಹಿಗ್ಗಿ ಡಿಶ್ ಜಾರುತ್ತದೆ, ಸಂಜೆ ತಣ್ಣಗಾದ ಮೇಲೆ ವಾಪಸ್. ನಟ್ ಬಿಗಿ ಮಾಡಿ, ಎಲ್‌ಎನ್‌ಬಿಯ ಸ್ಕ್ಯೂ, ಅಂದರೆ ಅದು ತಿರುಗಿ ಕೂತಿರುವ ಕೋನ, ಸಹ ನೋಡಿ.

ಲೋಬ್ಯಾಂಡ್_ಲೋಕಿ:
ಗುರು, 60 ಸೆಂ.ಮೀ. ಡಿಶ್ ಲಾಕ್ ಬಿಟ್ಟುಕೊಡ್ಬೇಕು ಅಂದ್ರೆ ಎರಡು ಡಿಗ್ರಿಯಾದ್ರೂ ಆಚೀಚೆ ಆಗ್ಬೇಕು. ಬಿಸಿಲಿಗೆ ಅಷ್ಟೆಲ್ಲ ಹಿಗ್ಗಿದ್ರೆ ಊರಲ್ಲಿ ಒಂದು ಡಿಶ್ಶೂ ಕೆಲಸ ಮಾಡ್ತಿರ್ಲಿಲ್ಲ. ಇನ್ನು ಎಲ್‌ಎನ್‌ಬಿ ಬಿಸಿಯಾಗಿ ಎಲ್‌ಒ ಜಾರುತ್ತೆ ಅಂತ ಹೇಳೋರಿಗೆ: ಜಾರೋದು 1-2 ಮೆಗಾಹರ್ಟ್ಸ್, 29500 ಸಿಂಬಲ್ ರೇಟಿಗೆ ಅದು ಲೆಕ್ಕಕ್ಕೇ ಇಲ್ಲ.

ಕುಡ್ಲ_ಡಿಶ್:
ಸೂರ್ಯನ ಅಡಚಣೆ ಅಂತ ಒಂದು ಉಂಟು, ಅದು ಸಹ ಹಗಲಿಗೇ.

ಲೋಬ್ಯಾಂಡ್_ಲೋಕಿ:
ಅದು ಮಾರ್ಚ್‌ನಲ್ಲಿ ಮತ್ತೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಕೆಲವೇ ದಿನ, ದಿನಕ್ಕೆ ಕೆಲವೇ ನಿಮಿಷ. ಬೆಳಗ್ಗೆಯಿಂದ ಸಂಜೆವರೆಗೆ ಸೂರ್ಯ ಜಿಸ್ಯಾಟ್ ಹಿಂದೆ ಕೂತ್ಕೊಂಡಿರ್ತಾನಾ?

ಹುಬ್ಬಳ್ಳಿ_ಹೈದ:
ಮಾಳಿಗಿ ಹತ್ತಿ ನಟ್ ಎಲ್ಲಾ ಬಿಗಿ ಮಾಡಿದೆ. ಏನೂ ಫರಕ್ ಇಲ್ಲ. ಮತ್ತ, ಸಂಜೀಕೂ ಕೆಲವು ಚಾನೆಲ್ ಚೌಕ ಚೌಕ ಒಡೀತಾವ, 11470ರಾಗಿನವು.

ಕುಡ್ಲ_ಡಿಶ್:
ನೋಡಿ, ನಾನು ಹೇಳ್ಲಿಲ್ವಾ? ಡಿಶ್ ಪೂರ್ತಿ ಕೂತಿಲ್ಲ. ಅರ್ಧರ್ಧ ಡಿಗ್ರಿ ಪೂರ್ವಕ್ಕೆ ತಿರುಗಿಸಿ ನೋಡಿ.

ಪಿವಿಆರ್_ಪ್ರಿಯ:
ಡಿಶ್ ಮುಟ್ಟಬೇಡಿ. ನಿಮ್ಮದು ಯುಎಸ್‌ಬಿ ಟ್ಯೂನರ್, ಅದನ್ನು ಕಂಪ್ಯೂಟರ್ ತಾನೇ ಮಲಗಿಸುವ ಆಟೊಸಸ್ಪೆಂಡ್ ಆಫ್ ಮಾಡಿ. ಇದಕ್ಕೇ ನಾನು ಕಂಪ್ಯೂಟರ್ ಒಳಗೇ ಕೂರುವ ಪಿಸಿಐಇ ಕಾರ್ಡ್ ಬಿಟ್ಟು ಬೇರೆ ಬಳಸಲ್ಲ. ನಾಲ್ಕು ಟ್ಯೂನರ್, 4 ಟಿಬಿ ಡಿಸ್ಕ್. ಒಂದು ಟ್ರಾನ್ಸ್‌ಪಾಂಡರ್‌ನಲ್ಲಿ (ಉಪಗ್ರಹದ ಒಂದು ಫ್ರೀಕ್ವೆನ್ಸಿಯಲ್ಲಿ) ಎಷ್ಟು ಚಾನೆಲ್ ಇದ್ದರೂ ಒಂದೇ ಟ್ಯೂನರ್ ಸಾಕು, ಎಲ್ಲವೂ ಒಟ್ಟಿಗೆ ರೆಕಾರ್ಡ್ ಆಗುತ್ತೆ. ಒಂದು ಚಾನೆಲ್‌ಗೆ ಗಂಟೆಗೆ ಹೆಚ್ಚುಕಮ್ಮಿ 1 ಜಿಬಿ.

ಲೋಬ್ಯಾಂಡ್_ಲೋಕಿ:
ಕೇಳಿದ್ದು ಯಾರು ಸ್ವಾಮಿ?

ಕೊಯಾಕ್ಸ್_ಕಾಕಾ:
ಹೈದ, ಡಿಶ್ ಹಾಗೇ ಇರಲಿ. ಹಗಲು ಹೊತ್ತಲ್ಲಿ 11090ಕ್ಕೆ ಟ್ಯೂನ್ ಮಾಡಿಟ್ಟು ಸಿಗ್ನಲ್ ಅಳೆಯುವ ಡಿವಿಬಿ-ಎಫ್ಇ-ಟೂಲ್ ಅನ್ನೋ ಕಮಾಂಡನ್ನು ಫೆಮಾನ್ ಆಯ್ಕೆ ಕೊಟ್ಟು ಓಡಿಸಿ. ಸಿಗ್ನಲ್ ಎಷ್ಟು, ಎಸ್‌ಎನ್‌ಆರ್ (ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಮೇಲಿದೆ ಅನ್ನೋದು) ಎಷ್ಟು, ಎರಡೂ ಬೇಕು. ಸಂಜೆ ಮತ್ತೊಮ್ಮೆ.

ಹುಬ್ಬಳ್ಳಿ_ಹೈದ:
ಹಗಲಿನ್ಯಾಗ ಸಿಗ್ನಲ್ ತಳಕ್ಕ ಬಿದ್ದೈತಿ, ಎಸ್‌ಎನ್‌ಆರ್ ಸೊನ್ನೆ. ಸಂಜೀಕ ಸಿಗ್ನಲ್ ಏರೈತಿ, ಎಸ್‌ಎನ್‌ಆರ್ 10.8 ಡಿಬಿ.

ಕೊಯಾಕ್ಸ್_ಕಾಕಾ:
ಅಲ್ಲಿಗೆ ಡಿಶ್‌ನ ಕಥೆ ಮುಗಿಯಿತು. ಡಿಶ್ ದಿಕ್ಕು ತಪ್ಪಿದರೆ ಎಸ್‌ಎನ್‌ಆರ್ ಸೊನ್ನೆಯಾಗುತ್ತೆ, ಆದರೆ ಎಲ್‌ಎನ್‌ಬಿ ತನ್ನದೇ ಗದ್ದಲವನ್ನು ಕೆಳಗೆ ಕಳಿಸುತ್ತಲೇ ಇರುತ್ತೆ, ಸಿಗ್ನಲ್ ಮಟ್ಟ ಅಷ್ಟಾಗಿ ಇಳಿಯಲ್ಲ. ಎರಡೂ ಒಟ್ಟಿಗೆ ಬಿದ್ದಿವೆ ಅಂದರೆ ಎಲ್‌ಎನ್‌ಬಿಗೆ ಕರೆಂಟೇ ಹೋಗುತ್ತಿಲ್ಲ. ಎಲ್‌ಎನ್‌ಬಿ ಕಡೆಯ ಎಫ್ ಕನೆಕ್ಟರ್ ಬಿಚ್ಚಿ, ನಡು ತಂತಿಗೂ ಹೊರಗಿನ ಜಾಲರಿಗೂ ಮಲ್ಟಿಮೀಟರ್ ಹಿಡಿಯಿರಿ. ವರ್ಟಿಕಲ್‌ಗೆ 13-14 ವೋಲ್ಟ್ ಬರಬೇಕು. ಕೆಳಗೆ ಸ್ಕ್ಯಾನ್ ಓಡುತ್ತಿರಬೇಕು, ಯಾವುದೂ ಟ್ಯೂನ್ ಆಗಿಲ್ಲದಿದ್ದರೆ ಕಾರ್ಡ್ ವೋಲ್ಟೇಜ್ ಕೊಡಲ್ಲ. ಜಾಲರಿಯ ಒಂದೇ ಒಂದು ಎಳೆ ನಡು ತಂತಿಗೆ ತಾಗಿದ್ದರೂ ಶಾರ್ಟ್, ಅದನ್ನೂ ನೋಡಿ.

ಹುಬ್ಬಳ್ಳಿ_ಹೈದ:
0 ವೋಲ್ಟ್ ರೀ. ಕಾರ್ಡಿನ ಬಾಯಿಗೆ ಹಿಡಿದ್ರ 13.4 ಬರ್ತೈತಿ.

ಪಿವಿಆರ್_ಪ್ರಿಯ:
ಕೇಬಲ್ ತುಂಡಾಗಿದೆ.

ಕೊಯಾಕ್ಸ್_ಕಾಕಾ:
ತುಂಡಾಗಿದ್ದರೆ ಸಂಜೆ ಮಾತ್ರ ಕೂಡಿಕೊಳ್ಳುತ್ತಾ? ಹೈದ, ಈ ಕೇಬಲ್‌ಗೆ ಮನೆಯಲ್ಲಿ ಇನ್ನೇನು ಜೋಡಿಸಿದ್ದೀರಿ?

ಹುಬ್ಬಳ್ಳಿ_ಹೈದ:
ಪಡಸಾಲಿ ಟಿವಿ ಸೆಟ್‌ಟಾಪ್ ಬಾಕ್ಸ್ ಐತಲ್ಲ, ಅದಕ್ಕೂ ಇದs ಡಿಶ್. ನಡುವ ಒಂದು ಸ್ಪ್ಲಿಟರ್ ಹಾಕೀನಿ. ಅದು ಆರಾಮ ನಡೀತೈತಿ ಅಂತ ಹೇಳಲಿಲ್ಲ.

ಲೋಬ್ಯಾಂಡ್_ಲೋಕಿ:
😐 ಇಷ್ಟು ಹೊತ್ತು ಸ್ಪ್ಲಿಟರ್ ಇತ್ತಾ?

ಕೊಯಾಕ್ಸ್_ಕಾಕಾ:
ಪಡಸಾಲೆ ಟಿವಿ ಹಾಕೋದು ಯಾವಾಗ? ಸ್ಪ್ಲಿಟರ್ ಮೇಲೆ ಏನು ಬರೆದಿದೆ?

ಹುಬ್ಬಳ್ಳಿ_ಹೈದ:
ಸಂಜೀಕ ಆರಕ್ಕ. ಉಳಿದ ಹೊತ್ತು ಅಪ್ಪ ಗ್ವಾಡಿ ಸ್ವಿಚ್ಚs ಆರಿಸಿಬಿಡ್ತಾರ. ಮ್ಯಾಲ 5-1000 ಮೆಗಾಹರ್ಟ್ಸ್ ಅಂತ ಐತಿ, ಒಂದು ಬಾಯಿಗೆ ಮಾತ್ರ 'ಪವರ್ ಪಾಸ್' ಅಂತ ಕೆಂಪು ಅಕ್ಷರ.

ಕೊಯಾಕ್ಸ್_ಕಾಕಾ:
ಕೆಂಪು ಬಾಯಿಗೆ ಪಡಸಾಲೆ ಬಾಕ್ಸ್ ಇದೆ. ಅದು ಆನ್ ಆದಾಗ ಎಲ್‌ಎನ್‌ಬಿಗೆ ಕರೆಂಟ್ ಹೋಗುತ್ತೆ, ನಿಮ್ಮ ಕಂಪ್ಯೂಟರ್ ಬಿಟ್ಟಿಯಾಗಿ ಸಿಗ್ನಲ್ ತೆಗೆದುಕೊಳ್ಳುತ್ತೆ. ನಿಮ್ಮ ಕಡೆಯ ಬಾಯಿ ಡಿಸಿ, ಅಂದರೆ ಆ ಕರೆಂಟ್, ಬಿಡಲ್ಲ. ಇನ್ನು ಚೌಕ ಚೌಕ ಒಡೆಯೋದು: 11470ರಿಂದ 9750 ಕಳೆದರೆ ಕೇಬಲ್‌ನಲ್ಲಿ ಇಳಿಯೋದು 1720 ಮೆಗಾಹರ್ಟ್ಸ್. 11090 ಆದರೆ 1340. ನಿಮ್ಮದು ಕೇಬಲ್ ಟಿವಿ ಸ್ಪ್ಲಿಟರ್, ಸಾವಿರ ದಾಟಿದ ಮೇಲೆ ಮೇಲೆ ಹೋದಷ್ಟೂ ಹೆಚ್ಚು ನುಂಗುತ್ತೆ. ಒಳಗಿನ ಕೇಬಲ್ ಆರ್‌ಜಿ-59 ಇದ್ದರೆ ಅದನ್ನೂ ಕಿತ್ತು ಆರ್‌ಜಿ-6 ಎಳೆಯಿರಿ.

ಹೊಸ ಸ್ಪ್ಲಿಟರ್ 5-2400 ಇರಲಿ, ಎರಡೂ ಬಾಯಿಗೆ ಪವರ್ ಪಾಸ್ ಇರಲಿ, ಒಳಗೆ ಡಯೋಡ್ ಇರಲೇಬೇಕು. ಇಲ್ಲದಿದ್ದರೆ ಬಾಕ್ಸ್‌ನ ವೋಲ್ಟೇಜ್ ನಿಮ್ಮ ಕಾರ್ಡಿಗೆ ನುಗ್ಗುತ್ತೆ.

ಪಿವಿಆರ್_ಪ್ರಿಯ:
ಡಿಶ್‌ಗೆ ಸ್ಪ್ಲಿಟರ್ ಹಾಕೋದೇ ತಪ್ಪು. ಒಬ್ಬರು ವರ್ಟಿಕಲ್‌ಗೆ 13, ಇನ್ನೊಬ್ಬರು ಹಾರಿಜಾಂಟಲ್‌ಗೆ 18 ವೋಲ್ಟ್ ಕೇಳಿದರೆ 18 ಗೆಲ್ಲುತ್ತೆ, ವರ್ಟಿಕಲ್ ಹೋಯ್ತು. ಟ್ವಿನ್ ಎಲ್‌ಎನ್‌ಬಿ ಹಾಕಿ ಎರಡು ಕೇಬಲ್ ಎಳೆಯಬೇಕು.

ಕೊಯಾಕ್ಸ್_ಕಾಕಾ:
ಬೇರೆ ಡಿಟಿಎಚ್‌ಗೆ ಆ ಮಾತು ಸರಿ. ಇವರು ನೋಡೋದೆಲ್ಲ ವರ್ಟಿಕಲ್, ಎಲ್ಲವೂ 11700ರ ಕೆಳಗೆ. ಇಬ್ಬರೂ ಕೇಳೋದು 13 ವೋಲ್ಟೇ, ಎಲ್‌ಎನ್‌ಬಿಯನ್ನು ಮೇಲಿನ ಬ್ಯಾಂಡಿಗೆ ಬದಲಾಯಿಸುವ 22 ಕಿಲೋಹರ್ಟ್ಸ್ ಟೋನ್ ಬೇಕಿಲ್ಲ. ಜಗಳ ಎಲ್ಲಿಂದ ಬರುತ್ತೆ?

ಕುಡ್ಲ_ಡಿಶ್:
ಆದರೂ ಕ್ಲಾಂಪ್ ಒಮ್ಮೆ ನೋಡುವುದು ಒಳ್ಳೆಯದು.

ಹುಬ್ಬಳ್ಳಿ_ಹೈದ:
ಸ್ಪ್ಲಿಟರ್ ಬದಲು ಮಾಡಿದೆ. ಮಧ್ಯಾಹ್ನ ಎರಡಕ್ಕ, ಪಡಸಾಲಿ ಸ್ವಿಚ್ ಆರಿಸಿಟ್ಟು ನೋಡಿದೆ: ಎಸ್‌ಎನ್‌ಆರ್ 11090ಕ್ಕ 12.6, 11470ಕ್ಕ 11.9 ಡಿಬಿ. ಕಾಕಾ, ಭಾಳ ಉಪಕಾರ ಆತು. ಈಗ ಇನ್ನೊಂದು: ಕ್ಯಾಮೆರಾ ಹೊರಳಿದ್ರ ಮಾರಿ ಅಂಚಿಗೆ ಬಾಚಣಿಗಿ ಹಲ್ಲಿನಂಗ ಗೆರಿ ಕಾಣ್ತಾವ.

ಲೋಬ್ಯಾಂಡ್_ಲೋಕಿ:
576ಐ, ಇಂಟರ್‌ಲೇಸ್ ಚಿತ್ರ, ಅಂದ್ರೆ ಸಾಲು ಬಿಟ್ಟು ಸಾಲು ಬರುತ್ತೆ. ವಿಎಲ್‌ಸಿಯಲ್ಲಿ ಡೀಇಂಟರ್‌ಲೇಸ್ ಆನ್ ಮಾಡಿ ಮೋಡ್ ಯಾಡಿಫ್ 2ಎಕ್ಸ್ ಇಡಿ. ಬ್ಲೆಂಡ್ ಇಟ್ರೆ ಗೆರೆ ಹೋಗುತ್ತೆ, ಆದ್ರೆ ಚಿತ್ರ ಮಸುಕು.

ಪಿವಿಆರ್_ಪ್ರಿಯ:
ಇಷ್ಟೆಲ್ಲ ಯಾಕೆ, ಇಂಟರ್ನೆಟ್‌ನಲ್ಲೇ ಚಾನೆಲ್ ತೋರಿಸೋ ಪ್ರಸಾರ ಭಾರತಿಯ ವೇವ್ಸ್ ಆ್ಯಪ್ 2024ರಲ್ಲೇ ಬಂತಲ್ಲ.

ಲೋಬ್ಯಾಂಡ್_ಲೋಕಿ:
ನಾಲ್ಕು ಟ್ಯೂನರ್ ಇಟ್ಕೊಂಡಿರೋರು ಹೇಳೋ ಮಾತಾ ಇದು? ಇಂಟರ್ನೆಟ್‌ನಲ್ಲಿ ವಿಕೆಟ್ ಬೀಳೋಕೆ ಮುಂಚೆ ಪಕ್ಕದ ಮನೆಯವರ ಕೂಗು ಕೇಳ್ಸುತ್ತೆ.

ಹೊಸಬ_ತುಮಕೂರು:
ನಂದೂ ಇದೇ ಸಮಸ್ಯೆ. ಸೆಟ್‌ಟಾಪ್ ಬಾಕ್ಸ್‌ನ ಎಚ್‌ಡಿಎಂಐನ ಕ್ಯಾಪ್ಚರ್ ಕಾರ್ಡಿಗೆ ಕೊಟ್ಟಿದೀನಿ, ಕಂಪ್ಯೂಟರ್‌ನಲ್ಲಿ ಬರೀ ಕಪ್ಪು. ಸ್ಪ್ಲಿಟರ್ ಬದಲಾಯಿಸ್ಲಾ?

ಕೊಯಾಕ್ಸ್_ಕಾಕಾ:
ಇದು ಅದೇ ಸಮಸ್ಯೆ ಅಲ್ಲ. ಎಚ್‌ಡಿಸಿಪಿ, ಅಂದರೆ ನಕಲು ತಡೆಯುವ ಬೀಗ, ಇರಬಹುದು. ಬಾಕ್ಸ್ ಹಿಂದಿನ ಹಳದಿ-ಬಿಳಿ-ಕೆಂಪು ಎವಿ ಔಟ್‌ನಿಂದ ಚಿತ್ರ ಬರುತ್ತಾ ನೋಡಿ. ಅದಕ್ಕೆ ಎವಿ ಕ್ಯಾಪ್ಚರ್ ಬೇರೆ ಬೇಕು. ಬಾಕ್ಸ್ ಯಾವುದು, ಕಾರ್ಡ್ ಯಾವುದು ಅಂತ ಬರೆದು ಬೇರೆ ಚರ್ಚೆ ತೆರೆಯಿರಿ.