ತೂಗುಕುರ್ಚಿ ಬೇಡ, ಟಿವಿ ಎಲ್ಲಿಡ್ತೀರಿ ಹೇಳಿ: ‘ಮನೆಮಂದಿ’ ಗುಂಪಿನಲ್ಲಿ ಅಮ್ಮನ ಓದುವ ಮೂಲೆ

ದೀಪಾ (ಡಬ್ಲಿನ್): ವಿನಯ್, ಕಾವ್ಯಾ, ಈ ರೀಲ್ ನೋಡಿ.
[ವಿಡಿಯೊ: ಓಪನ್ ಹಾಲ್‌ನಲ್ಲೇ ರೀಡಿಂಗ್ ನೂಕ್. ಬೆತ್ತದ ತೂಗುಕುರ್ಚಿ, ಫೇರಿ ಲೈಟ್ಸ್, ಹಾಲ್ ಮಧ್ಯೆ ನೆಲದಿಂದ ಸೀಲಿಂಗ್ ತನಕ ತೆರೆದ ಶೆಲ್ಫ್, ಬಣ್ಣದ ಪ್ರಕಾರ ಜೋಡಿಸಿದ ಪುಸ್ತಕಗಳು]
ಅಮ್ಮ ಹಾಸನದಿಂದ ಬರೋ ಹೊತ್ತಿಗೆ ನಿಮ್ಮ ಬೆಂಗಳೂರಿನ ಹೊಸ ಫ್ಲ್ಯಾಟಲ್ಲಿ ಇಂಥದ್ದೊಂದು ರೆಡಿ ಇರ್ಲಿ. ಖರ್ಚು ನಂದು.

ವಿನಯ್: ಚೆನ್ನಾಗಿದೆ ಅಕ್ಕ! ಬಾಲ್ಕನಿ ಬಾಗಿಲ ಪಕ್ಕ ಜಾಗ ಇದೆ. ಆ ಶೆಲ್ಫ್ ನಿಲ್ಸಿದ್ರೆ ಹಾಲ್ ಬೇರೆ, ಓದೋ ಜಾಗ ಬೇರೆ ಅಂತ ಆಗತ್ತೆ. ಈಗ ಮುಂಬಾಗಿಲು ತೆಗೆದ್ರೆ ಅಡುಗೆಮನೆ, ಡೈನಿಂಗ್ ಟೇಬಲ್, ಸೋಫಾ ಎಲ್ಲಾ ಒಂದೇ ಸಲ ಕಣ್ಣಿಗೆ ಬೀಳತ್ತೆ.

ಸ್ಮಿತಾ (ಮಂಗಳೂರು): ದೀಪಕ್ಕ, ಬೇಜಾರು ಮಾಡ್ಕೊಳ್ಬೇಡಿ, ಮನೆ ಒಳಾಂಗಣ ಮಾಡಿಸೋದು ನನ್ನ ದಿನನಿತ್ಯದ ಕೆಲಸ ಆದ್ದರಿಂದ ಹೇಳ್ತೇನೆ. ಆ ವಿಡಿಯೊದಲ್ಲಿ ಒಬ್ಬರಾದ್ರೂ ಓದ್ತಾ ಇದ್ದಾರಾ ನೋಡಿ. ಕಾಫಿ ಕಪ್ ಹಿಡ್ಕೊಂಡು ಕಿಟಕಿ ಕಡೆ ನೋಡ್ತಾ ಇದ್ದಾರೆ. ತೂಗುಕುರ್ಚಿಯಲ್ಲಿ ಸೊಂಟ ಒಳಗೆ ಕುಸೀತದೆ, ಮೊಣಕೈಗೆ ಆಧಾರ ಇಲ್ಲ. ಐನೂರು ಪುಟದ ಕಾದಂಬರಿಯನ್ನು ಹತ್ತು ನಿಮಿಷ ಎತ್ತಿ ಹಿಡಿದ್ರೆ ಭುಜ ನೋಯ್ತದೆ. ದೊಡ್ಡಮ್ಮನ ಮೊಣಕಾಲಿಗೆ ಅದರಿಂದ ಏಳೋದೇ ಕಷ್ಟ.

ಧಾರವಾಡ ಮಾವ: ಸ್ಮಿತಾ ಹೇಳೂದು ಖರೇ ಐತಿ. ಇನ್ನೊಂದು ನೋಡ್ರಿ, ಆ ಕುರ್ಚಿ ಎದಕ್ಕ ತೂಗಬಿಟ್ಟಾರ? ಫಾಲ್ಸ್ ಸೀಲಿಂಗ್‌ನ ಜಿಪ್ಸಮ್ ಹಾಳಿಗೆ ಕೊಕ್ಕಿ ಹೊಡದ್ರ ಮನಿಷ್ಯಾನ ಭಾರ ತಡಿಯಂಗಿಲ್ಲ. ಮ್ಯಾಲಿನ ಆರ್‌ಸಿಸಿ ಸ್ಲ್ಯಾಬಿಗೇ ಆ್ಯಂಕರ್ ಬೋಲ್ಟ್ ಹಾಕಬೇಕು. ತೂಗುವಾಗ ಬೀಳೂ ಭಾರ, ಸುಮ್ಮನ ಕುಂತಾಗಿನಕಿಂತ ಹೆಚ್ಚಿರತೈತಿ.

ದೀಪಾ: ಸರಿ, ಕುರ್ಚಿ ಬಿಡಿ. ಕಿಟಕಿಗೇ ಒಂದು ಸೀಟ್ ಕಟ್ಸಿ. ನಮ್ಮನೇಲಿ ಹಾಗೇ ಇದೆ, ಇಡೀ ಮನೇಲಿ ನಂಗೆ ಇಷ್ಟವಾದ ಜಾಗ ಅದು. ಕೆಳಗೆ ಡ್ರಾಯರ್, ಮೇಲೆ ಕುಶನ್.

ಕಾವ್ಯಾ: ಅಕ್ಕ, ನಮ್ಮ ಬಾಲ್ಕನಿ ಪಶ್ಚಿಮಕ್ಕಿದೆ. ಅಮ್ಮ ಹೆಚ್ಚಾಗಿ ಓದೋದು ಮಧ್ಯಾಹ್ನ ಊಟ, ನಿದ್ದೆ ಮುಗಿಸಿ ಮೂರರಿಂದ ಐದರವರೆಗೆ. ಏಪ್ರಿಲಲ್ಲಿ ಆ ಹೊತ್ತಿಗೆ ಅಲ್ಲಿ ಬರಿಗಾಲಲ್ಲಿ ನಿಲ್ಲೋಕಾಗಲ್ಲ.

ದೀಪಾ: ಹಾಗಾದ್ರೆ ಉತ್ತರದ ಕಿಟಕಿ. ಉತ್ತರದ ಬೆಳಕು ಓದೋಕೆ ಅತ್ಯುತ್ತಮ, ನೇರ ಬಿಸಿಲೇ ಬರಲ್ಲ ಅಂತ ರೀಲ್‌ನಲ್ಲೂ ಹೇಳಿದ್ದಾರೆ.

ಸ್ಮಿತಾ: ಅದು ನಿಮ್ಮ ಊರಿನ ಲೆಕ್ಕ ಅಕ್ಕ. ಡಬ್ಲಿನ್ 53 ಡಿಗ್ರಿ ಉತ್ತರದಲ್ಲಿದೆ. ಅಲ್ಲಿ ಸೂರ್ಯ ವರ್ಷಪೂರ್ತಿ ಮಧ್ಯಾಹ್ನ ದಕ್ಷಿಣದಲ್ಲೇ ಇರ್ತಾನೆ, ಡಿಸೆಂಬರಲ್ಲಿ ನಾಲ್ಕೂಕಾಲರೊಳಗೆ ಮುಳುಗಿಯೂ ಬಿಡ್ತಾನೆ. ಬಿಸಿಲು ಸಿಕ್ಕಿದ್ದೇ ಪುಣ್ಯ ಅಂತ ಕಿಟಕಿಗೆ ಅಂಟಿ ಕೂರಬೇಕು. ಬೆಂಗಳೂರು ಇರೋದು ಸುಮಾರು 13 ಡಿಗ್ರಿಯಲ್ಲಿ. ಏಪ್ರಿಲ್ ಕೊನೇ ವಾರದಿಂದ ಆಗಸ್ಟ್ ಮಧ್ಯದವರೆಗೆ ಇಲ್ಲಿ ನಡುಹಗಲಿನ ಸೂರ್ಯ ನೆತ್ತಿಗಿಂತ ಉತ್ತರಕ್ಕಿರ್ತಾನೆ. ಉತ್ತರದ ಕಿಟಕಿಗೂ ಆ ತಿಂಗಳುಗಳಲ್ಲಿ ಬಿಸಿಲು ತಾಗ್ತದೆ. ಆದ್ರೂ ಪಶ್ಚಿಮಕ್ಕಿಂತ ಎಷ್ಟೋ ವಾಸಿ, ಮೇಲೊಂದು ಸಜ್ಜಾ ಇದ್ರೆ ಸಾಕು. ಹಾಗಾಗಿ ದಿಕ್ಕು ಒಪ್ಪಿದೆ. ಕಾರಣ ಮಾತ್ರ ಬೇರೆ.

ಸ್ಮಿತಾ: ಕಿಟಕಿಗೆ ಮುಖ ಮಾಡಿ ಕೂರಿಸಬೇಡಿ, ಬೆನ್ನು ಮಾಡಿಯೂ ಬೇಡ. ಮುಖ ಮಾಡಿದ್ರೆ ಕಣ್ಣಿಗೆ ಹೊಳಪು, ಬೆನ್ನು ಮಾಡಿದ್ರೆ ಪುಟದ ಮೇಲೆ ತಮ್ಮದೇ ನೆರಳು. ಕಿಟಕಿ ಎಡಭುಜದ ಪಕ್ಕಕ್ಕೆ ಬರಲಿ.

ಅಮ್ಮ: ಎಲ್ಲರಿಗೂ ನಮಸ್ಕಾರ. ನನ್ನ ಕುರ್ಚಿ ಯಾವ ದಿಕ್ಕಿಗಿರಬೇಕು ಎಂಬುದನ್ನು ನನ್ನನ್ನು ಬಿಟ್ಟು ಎಲ್ಲರೂ ತೀರ್ಮಾನಿಸುತ್ತಿದ್ದೀರಿ. ನನ್ನದೊಂದು ಮಾತು. ನನಗೆ ತೂಗುವುದು ಬೇಡ, ಮಿನುಗುವುದು ಬೇಡ. ಪುಸ್ತಕಗಳನ್ನು ಬಣ್ಣದ ಪ್ರಕಾರ ಜೋಡಿಸಲೂಬೇಡಿ. ಒಬ್ಬ ಲೇಖಕರ ಹತ್ತು ಪುಸ್ತಕಗಳು ಹತ್ತು ಕಡೆ ಹಂಚಿಹೋದರೆ ಬೇಕಾದದ್ದು ಕೈಗೆ ಸಿಗುವುದಿಲ್ಲ.

ದೀಪಾ: ಅಮ್ಮಾ, ನಿಂಗೆ ನೆಮ್ಮದಿಯಾಗಿ ಓದೋಕೆ ಆಗ್ಲಿ ಅಂತಾನೇ ಹೇಳ್ತಿರೋದು. ನಿಜ ಹೇಳ್ಬೇಕು ಅಂದ್ರೆ ಆ ಹಾಲ್‌ನಲ್ಲಿ ನೆಮ್ಮದಿ ಸಿಗಲ್ಲ. ಪ್ಲಾನ್ ನೋಡಿದೀನಿ, ಅಡುಗೆಮನೆ ಗೋಡೇನೂ ಒಡೆಸಿದಾರೆ. ನಿನ್ನ ರೂಮಲ್ಲೇ ಮಾಡ್ಸೋಣ. ಬಾಗಿಲು ಹಾಕ್ಕೊಂಡ್ರೆ ಆಯ್ತು.

ಅಮ್ಮ: ಬಾಗಿಲು ಹಾಕಿಕೊಂಡು ಓದುವುದು ನನಗೆ ಅಭ್ಯಾಸವಿಲ್ಲ ದೀಪಾ. ನಮ್ಮ ಊರಿನ ಮನೆಯಲ್ಲಿ ಓದಿದ್ದೆಲ್ಲ ಜಗಲಿಯಲ್ಲಿ, ಪಡಸಾಲೆಯಲ್ಲಿ. ಜನ ಬರುತ್ತಿದ್ದರು, ಹೋಗುತ್ತಿದ್ದರು. ಬೆಳಿಗ್ಗೆ ನಾನು ಷಟ್ಪದಿ ಓದುವುದು ಗಟ್ಟಿಯಾಗಿ. ರೂಮಿನೊಳಗೆ ಕೂತು ಗಟ್ಟಿಯಾಗಿ ಓದಿದರೆ ಕೇಳುವವರು ಯಾರು? ರಜೆಗೆ ಬಂದಾಗ ಮೊಮ್ಮಗಳು ಪುಟ್ಟಿ ಅರ್ಥವಾಗದಿದ್ದರೂ ಪಕ್ಕದಲ್ಲಿ ಕೂತು ಕೇಳುತ್ತಾಳೆ. ಎರಡು ಸಾಲು ಬಾಯಿಗೂ ಬಂದಿದೆ. ಅದಕ್ಕೇ ನನ್ನ ಕುರ್ಚಿ ಎಲ್ಲರೂ ಓಡಾಡುವ ಕಡೆ ಇರಬೇಕು.

ಕಾವ್ಯಾ: ಅಮ್ಮ ಹೇಳಿದ್ದೇ ನನ್ನ ಮನಸ್ಸಲ್ಲೂ ಇತ್ತು. ರೂಮಿಗೆ ಕಳಿಸೋದು ಅಂದ್ರೆ ಅವರನ್ನ ಮನೆಯಿಂದ ಅರ್ಧ ಆಚೆ ಇಟ್ಟಂಗೆ. ನಾನೂ ರಾತ್ರಿ ಅಡುಗೆ ಮುಗಿಸಿ ಅಲ್ಲೇ ಕೂತು ಓದೋಳು. ಹಾಲ್‌ನಲ್ಲೇ ಇರ್ಲಿ.

ವಿನಯ್: ಹಾಗಾದ್ರೆ ನಾನು ಹೇಳಿದ ಶೆಲ್ಫ್ ಪಾರ್ಟಿಶನ್ ಬೇಕೇ ಬೇಕು. ಇಲ್ದಿದ್ರೆ ಸದ್ದು ಹೆಂಗೆ ತಡೆಯೋದು?

ಧಾರವಾಡ ಮಾವ: ವಿನಯಾ, ಲೆಕ್ಕ ಹೇಳ್ತೀನಿ ಕೇಳು. ಪುಸ್ತಕ ಒತ್ತಿ ಇಟ್ರ ಒಂದು ಮೀಟರ್ ಸಾಲಿಗೆ 25-30 ಕಿಲೋ ಆಗತೈತಿ. 18 ಮಿಮೀ ಪ್ಲೈವುಡ್ ಹಲಗಿ, ಆಧಾರದಿಂದ ಆಧಾರಕ್ಕ 30 ಇಂಚು ಇದ್ರ ಛಲೋ ನಿಂದ್ರತೈತಿ. ಅದನ್ನ 36 ಮಾಡಿದ್ರ, ಆರು ಇಂಚಷ್ಟ ಹೆಚ್ಚಾತು ಅನ್ನಬ್ಯಾಡ. ಬಾಗೂದು ಎರಡು ಪಟ್ಟಾಗತೈತಿ, ಯಾಕಂದ್ರ ಅದು ಉದ್ದದ ನಾಕನೇ ಘಾತದ ಮ್ಯಾಲೆ ಏರತೈತಿ. ಇನ್ನ ಸ್ಲ್ಯಾಬ್. ಕಟ್ಟಡದ ಮ್ಯಾಲಿನ ಭಾರ ಹೇಳೂ ಭಾರತೀಯ ಮಾನಕ ಐಎಸ್ 875ರ ಪ್ರಕಾರ ವಾಸದ ಮನಿಗೆ ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದ್ರ ಹತ್ರಹತ್ರ 200 ಕಿಲೋ ಭಾರ ಹಿಡದಿರ್ತಾರ. ಸೀಲಿಂಗ್ ಮುಟ್ಟೂ ತುಂಬಿದ ಶೆಲ್ಫಿನ ಭಾರೆಲ್ಲಾ ಸಣ್ಣ ಜಾಗದಾಗ ಬೀಳತೈತಿ, ಅದಕ್ಕ ನಡುಮನ್ಯಾಗ ನಿಂದ್ರಸೂದಕಿಂತ ಗ್ವಾಡಿಗೆ ಹಚ್ಚಿ, ಕೆಳಗ ಬೀಮ್ ಇದ್ದಲ್ಲಿ ಇಡು. ನಡುವ ಇಟ್ರ ಪುಟ್ಟಿ ಒಂದಿನ ಹತ್ತೇ ಹತ್ತತಾಳ. ಗ್ವಾಡಿಗೆ ಕ್ಲ್ಯಾಂಪ್ ಇಲ್ಲದ ಎತ್ತರದ ಶೆಲ್ಫ್ ಕೂಸಿನ ಮನ್ಯಾಗ ಇರಲೇಬಾರದು. ಇದರಾಗ ನಾ ಬಿಟ್ಟುಕೊಡಂಗಿಲ್ಲ.

ವಿನಯ್: ಕ್ಲ್ಯಾಂಪ್ ಮಾಡ್ಸೋಣ ಮಾವ. ಆದ್ರೆ ಸದ್ದು?

ಸ್ಮಿತಾ: ಹಿಂಬದಿ ಇಲ್ಲದ ಶೆಲ್ಫ್ ಸದ್ದನ್ನು ತಡೆಯೋದಿಲ್ಲ ವಿನಯ್. ಗಾಳಿ ಹೋಗುವ ಸಂದಿ ಇದ್ದಲ್ಲೆಲ್ಲ ಸದ್ದೂ ಹೋಗ್ತದೆ. ಮಿಕ್ಸಿ 80-90 ಡೆಸಿಬೆಲ್ ಕಿರುಚುವಾಗ ಪುಸ್ತಕದ ಸಾಲು ಎಷ್ಟು ತಡೆದೀತು? ಪ್ರತಿಧ್ವನಿ ಕಡಿಮೆ ಮಾಡಬಹುದು ಅಷ್ಟೆ. ವಿಟ್ರಿಫೈಡ್ ಟೈಲ್ಸ್, ಗಾಜಿನ ಸ್ಲೈಡಿಂಗ್ ಬಾಗಿಲು, ಖಾಲಿ ಗೋಡೆ ಎಲ್ಲವೂ ಸದ್ದನ್ನು ವಾಪಸ್ ಎಸೀತವೆ. ನೆಲಕ್ಕೆ ದಪ್ಪ ಹಾಸು, ಕಿಟಕಿಗೆ ಮಡಿಕೆ ಬೀಳುವಷ್ಟು ಅಗಲದ ಪರದೆ ಹಾಕಿದ್ರೆ ಮಾತು ಗೊಜಗೊಜ ಅನ್ನಿಸೋದು ಇಳೀತದೆ.

ಧಾರವಾಡ ಮಾವ: ಹಾಸು ಅಂದ್ರ ನವಲಗುಂದದ ಜಮಖಾನ ತರತೀನಿ. ಅಲ್ಲೆ ಹೆಣ್ಣಮಕ್ಕಳೇ ಕೈಮಗ್ಗದಾಗ ನೇಯತಾರ, ನಮ್ಮಿಂದ ದೂರ ಇಲ್ಲ. ಮ್ಯಾಲೊಂದು ಕೌದಿ. ತಂಗೆವ್ವಗ ಮೊಣಕಾಲು ನೋವಿಲ್ಲಂದ್ರ ಕುರ್ಚಿನೂ ಬ್ಯಾಡಾಗಿತ್ತು, ಜಮಖಾನದ ಮ್ಯಾಲೆ ಕುಂತು ವ್ಯಾಸಪೀಠದ ಮ್ಯಾಲೆ ಪುಸ್ತಕ ಇಟ್ಟು ಓದಬಹುದಿತ್ತು. ಕೈಗೆ ಭಾರ ಇಲ್ಲ, ಬೆನ್ನು ನೆಟ್ಟಗ.

ಅಮ್ಮ: ಅಣ್ಣಾ, ನೆಲದ ಮೇಲೆ ಕೂತರೆ ಏಳಿಸಲು ಇಬ್ಬರು ಬೇಕು. ವ್ಯಾಸಪೀಠ ಮಾತ್ರ ತೆಗೆದುಕೊಂಡು ಬಾ. ಸಣ್ಣ ಮೇಜಿನ ಮೇಲಿಟ್ಟುಕೊಂಡು ಓದುತ್ತೇನೆ. ದಪ್ಪ ಪುಸ್ತಕಗಳಿಗೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ಸ್ಮಿತಾ: ದೊಡ್ಡಮ್ಮ, ಕುರ್ಚಿ ಬಗ್ಗೆ ಹೇಳ್ತೇನೆ. ಸೀಟು ನೆಲದಿಂದ 18 ಇಂಚು, ಆಳ 20 ಇಂಚಿಗಿಂತ ಜಾಸ್ತಿ ಬೇಡ. ಅಂಗಡಿಯ ಲೌಂಜ್ ಚೇರ್‌ಗಳು ತುಂಬಾ ಆಳ, ಒಳಗೆ ಸರಿದು ಕೂತ್ರೆ ಪಾದ ನೆಲಕ್ಕೆ ತಾಗೋದಿಲ್ಲ. ಗಟ್ಟಿ ಕೈ ಇರಬೇಕು, ಅದನ್ನೇ ಒತ್ತಿ ಏಳೋದಲ್ವಾ. ಪಕ್ಕಕ್ಕೆ ಪುಟ್ಟಿಗೊಂದು ತಗ್ಗಿನ ಮಣೆ ಇಟ್ಟುಬಿಡಿ, ಷಟ್ಪದಿ ಕೇಳೋಳಿಗೆ ಜಾಗ ಬೇಕು.

ಅಮ್ಮ: ಮಣೆಯ ಮಾತು ಬಹಳ ಸಂತೋಷ ತಂದಿತು ಸ್ಮಿತಾ.

ಸ್ಮಿತಾ: ಇನ್ನು ಬೆಳಕಿನ ವಿಷಯ. ದೀಪಕ್ಕ, ಫೇರಿ ಲೈಟ್ಸ್ ಫೋಟೊಗೆ ಚೆಂದ. ಆದ್ರೆ 60 ವರ್ಷದವರ ಅಕ್ಷಿಪಟಲಕ್ಕೆ ತಲುಪುವ ಬೆಳಕು 20ರ ಹರೆಯದವರದ್ದರ ಮೂರನೇ ಒಂದು ಭಾಗದಷ್ಟೇ. ಕಣ್ಣಿನ ಪಾಪೆ ಕಿರಿದಾಗಿರ್ತದೆ, ಮಸೂರ ಹಳದಿಯಾಗಿರ್ತದೆ. ಕನ್ನಡದ ಹಳೇ ಪುಸ್ತಕಗಳ ಕಾಗದವೂ ಕಂದು. ಒತ್ತಕ್ಷರ ಸಣ್ಣದು, ಅರ್ಕಾವೊತ್ತು ಎಲ್ಲಿ ಅಂತ ಹುಡುಕೋ ಹಾಗಾಗಬಾರದು. ಕುರ್ಚಿಯ ಪಕ್ಕ, ಸ್ವಲ್ಪ ಹಿಂದಕ್ಕೆ ಒಂದು ಫ್ಲೋರ್ ಲ್ಯಾಂಪ್. ಶೇಡಿನ ಕೆಳಅಂಚು ಕೂತವರ ಕಣ್ಣಿನ ಮಟ್ಟಕ್ಕೆ, ನೆಲದಿಂದ 40-42 ಇಂಚು. 9 ವಾಟ್ ಎಲ್‌ಇಡಿ ಅಂದ್ರೆ 800 ಲುಮೆನ್ ಮೇಲೆ ಬೆಳಕು ಬರ್ತದೆ, ಇಷ್ಟು ಹತ್ತಿರದಿಂದ ಅದು ಸಾಕು. ಬೆಳಕಿನ ಬಣ್ಣ 3000 ಕೆಲ್ವಿನ್, ಅಂದ್ರೆ ಹಳದಿ ಛಾಯೆ. 6500ರ ಬಿಳಿ ಟ್ಯೂಬ್ ಅಡುಗೆಮನೆಗೆ ಇರಲಿ, ರಾತ್ರಿ ಓದೋ ಜಾಗಕ್ಕೆ ತೀಕ್ಷ್ಣ. ಡಬ್ಬಿಯ ಮೇಲೆ ಸಿಆರ್‌ಐ 90 (ಬಣ್ಣ ಸಹಜವಾಗಿ ಕಾಣಿಸುವ ಅಳತೆ) ಅಂತ ಇದೆಯಾ ನೋಡಿ.

ಸ್ಮಿತಾ: ಓಪನ್ ಹಾಲ್‌ನಲ್ಲಿ ಈ ದೀಪದಿಂದ ಇನ್ನೊಂದು ಉಪಕಾರ ಇದೆ. ಸೀಲಿಂಗ್ ಲೈಟ್ ಆರಿಸಿ ಇದೊಂದನ್ನೇ ಹಾಕಿದ್ರೆ ಬೆಳಕಿನ ವೃತ್ತವೇ ಒಂದು ಕೋಣೆ ಆಗ್ತದೆ. ಗೋಡೆ ಬೇಡ, ಪಾರ್ಟಿಶನ್ ಬೇಡ. ನನ್ನ ಕೇಳಿದ್ರೆ ಮೊದಲ ಖರ್ಚು ಇದಕ್ಕೇ.

ಕಾವ್ಯಾ: ಶೆಲ್ಫ್‌ಗೆ ಗಾಜಿನ ಬಾಗಿಲು ಹಾಕಿಸ್ಲಾ? ಗೋಡೆ ಒಡೆದ ಮೇಲೆ ಒಗ್ಗರಣೆ ಹೊಗೆ ಸೀದಾ ಹಾಲಿಗೆ ಬರತ್ತೆ. ಚಿಮಣಿ ಇದೆ, ಆದ್ರೂ ಈಗಾಗ್ಲೇ ಡೈನಿಂಗ್ ಮೇಲಿನ ಲ್ಯಾಂಪ್ ಮುಟ್ಟಿದ್ರೆ ಎಣ್ಣೆ ಅಂಟತ್ತೆ.

ಸ್ಮಿತಾ: ಅಡುಗೆಮನೆ ಕಡೆಯ ಭಾಗಕ್ಕೆ ಹಾಕಿಸಿ, ಕೈಗೆ ಸಿಗುವ ಎರಡು ಸಾಲು ತೆರೆದಿರಲಿ. ಪೂರ್ತಿ ಮುಚ್ಚಿದ್ರೆ ಗಾಳಿ ಆಡೋದಿಲ್ಲ, ಮಳೆಗಾಲದಲ್ಲಿ ಬೂಷ್ಟು, ಸಿಲ್ವರ್‌ಫಿಶ್. ಇಲ್ಲಿ ಮಂಗಳೂರಲ್ಲಿ ಅದೇ ಗೋಳು. ಹೊರಗೋಡೆ ಆದ್ರೆ ಹಿಂದೆ ಎರಡು ಇಂಚು ಸಂದಿ ಬಿಡಿ, ಕ್ಲ್ಯಾಂಪನ್ನು ಅಷ್ಟೇ ಉದ್ದ ಮಾಡಿಸಿದ್ರಾಯ್ತು. ಆಳ 10 ಇಂಚು ಸಾಕು. ನಮ್ಮ ಹೆಚ್ಚಿನ ಪುಸ್ತಕಗಳು ಡೆಮಿ 1/8 ಅನ್ನೋ ಅಳತೆಯವು, ಐದೂವರೆ ಇಂಚು ಅಗಲ. 15 ಇಂಚು ಮಾಡಿಸಿದ್ರೆ ಹಿಂದೊಂದು ಸಾಲು ಮುಂದೊಂದು ಸಾಲು ಆಗಿ ಹಿಂದಿನದ್ದು ಮರೆತೇ ಹೋಗ್ತದೆ.

ದೀಪಾ: ಎಲ್ಲಾ ಸರಿ. ಆದ್ರೆ ಮುಖ್ಯವಾದ್ದನ್ನ ಯಾರೂ ಹೇಳ್ತಿಲ್ಲ. ವಿನಯ್, ಆ ಕಿಟಕಿಯಿಂದ ಟಿವಿ ಎಷ್ಟು ದೂರ?

ವಿನಯ್: 10 ಅಡಿ ಇರ್ಬಹುದು.

ದೀಪಾ: ಸೌಂಡ್‌ಬಾರ್ ಬೇರೆ ಬುಕ್ ಮಾಡಿದೀಯ. ಏಳೂವರೆಗೆ ಐಪಿಎಲ್ ಶುರುವಾದ್ರೆ ಹನ್ನೊಂದರ ತನಕ. ಅಮ್ಮ, ಕಾವ್ಯಾ ರಾತ್ರಿ ಓದೋದು ಅದೇ ಹೊತ್ತಿಗೆ. 18 ಇಂಚಿನ ಕುರ್ಚಿ, 3000 ಕೆಲ್ವಿನ್ ದೀಪ ಎಲ್ಲಾ ಇಟ್ಟು, ಎದುರಿಗೆ ಕಾಮೆಂಟರಿ ಹಾಕಿದ್ರೆ ಅಲ್ಲಿ ಯಾರು ಓದ್ತಾರೆ? ಅದಕ್ಕೇ ನಾನು ರೂಮು ಅಂದಿದ್ದು.

ವಿನಯ್: ಅಕ್ಕ, ಹಾಲ್ ನಂದೂ ಹೌದಲ್ವಾ. ದಿನವಿಡೀ ಕೆಲಸ ಮಾಡಿ ಬಂದು ಮ್ಯಾಚ್ ನೋಡೋದೂ ತಪ್ಪಾ? ಪುಟ್ಟಿ ಜೊತೆ ಕೂತು ನೋಡ್ತೀನಿ, ಅದೂ ಮನೆಮಂದಿ ಒಟ್ಟಿಗೆ ಇರೋದೇ.

ಕಾವ್ಯಾ: ತಪ್ಪು ಅಂತ ಯಾರೂ ಹೇಳ್ಲಿಲ್ಲ. ಆದ್ರೆ ಟಿವಿ ಸದ್ದು ಎಲ್ಲರ ಕಿವಿಗೂ ಬರತ್ತೆ, ನನ್ನ ಪುಸ್ತಕ ನಿನ್ನ ಕಿವಿಗೆ ಬರಲ್ಲ. ಹಂಗಾಗಿ ಜಾಗ ಬಿಡೋದು ಯಾವಾಗ್ಲೂ ಓದೋರೇ ಆಗ್ತಾರೆ. ಮೂರನೇ ರೂಮು ಗೆಸ್ಟ್ ರೂಮ್ ಅಂತ ಖಾಲಿ ಇಡ್ತಿದೀವಿ. ಟಿವಿ ಅಲ್ಲಿ ಹಾಕೋಣ. ಬಾಗಿಲೂ ಇದೆ, ಸೌಂಡ್‌ಬಾರ್ ಎಷ್ಟು ಬೇಕಾದ್ರೂ ಇಟ್ಕೋ.

ವಿನಯ್: ಹಾಲ್‌ನಲ್ಲಿ ಟಿವಿ ಇಲ್ದೆ ಹೆಂಗೆ? ಬಂದವರು ಏನಂತಾರೆ?

ಧಾರವಾಡ ಮಾವ: ಬಂದವ್ರು ಮಾತಾಡತಾರ.

ಅಮ್ಮ: ವಿನಯ, ನಾನು ನಿನ್ನ ಆಟವನ್ನು ಕಿತ್ತುಕೊಳ್ಳಲು ಬರುತ್ತಿಲ್ಲ. ಕನ್ನಡ ಕಾಮೆಂಟರಿ ಇದ್ದರೆ ನಾನೂ ಕೂತು ಕೇಳುತ್ತೇನೆ. ಆದರೆ ಕಾವ್ಯಾ ಹೇಳಿದ್ದು ಸರಿ. ನಾನು ಪಾಠ ಮಾಡುತ್ತಿದ್ದ ತರಗತಿಯಲ್ಲಿ ಕಂಡದ್ದನ್ನು ಹೇಳುತ್ತೇನೆ: ಮನೆಯಲ್ಲಿ ದೊಡ್ಡವರು ಓದುವುದನ್ನು ಕಣ್ಣಾರೆ ಕಂಡ ಮಕ್ಕಳು ಹೇಳಿಸಿಕೊಳ್ಳದೆ ಪುಸ್ತಕ ಹಿಡಿಯುತ್ತಿದ್ದರು. ಪುಟ್ಟಿಗೆ ದಿನವೂ ಕಣ್ಣಿಗೆ ಬೀಳುವುದು ಹಾಲ್. ಅಲ್ಲಿ ಏನು ನಡೆಯಬೇಕು ಎಂದು ನೀವಿಬ್ಬರೂ ಯೋಚಿಸಿ.

ವಿನಯ್: ಅಮ್ಮಾ, ಗೆಸ್ಟ್ ರೂಮಲ್ಲಿ ಟಿವಿ ಅಂದ್ರೆ ಕೇಬಲ್ ಪಾಯಿಂಟ್ ಮತ್ತೆ ಎಳೀಬೇಕು. ಗೋಡೆಗೆ ವಾಲ್ ಪುಟ್ಟಿ ಬಳಿಯೋದು ಸೋಮವಾರದಿಂದ ಶುರು. ಎಲೆಕ್ಟ್ರಿಷಿಯನ್‌ಗೆ ನಾಳೆ ಫೋನ್ ಮಾಡಿ ಕೇಳ್ತೀನಿ, ಎರಡೂ ಕಡೆ ಪಾಯಿಂಟ್ ಇಟ್ರೆ ಎಷ್ಟಾಗತ್ತೆ ಅಂತ.

ಕಾವ್ಯಾ: ಎರಡೂ ಕಡೆ ಬೇಡ. ಪಾಯಿಂಟ್ ಇದ್ರೆ ಟಿವಿ ವಾಪಸ್ ಬರತ್ತೆ. ಹಾಲ್‌ನ ಆ ಪಾಯಿಂಟ್ ದುಡ್ಡಲ್ಲಿ ಉತ್ತರದ ಕಿಟಕಿ ಎಡಕ್ಕೆ ಲ್ಯಾಂಪಿಗೆ ಒಂದು ಸಾಕೆಟ್, ಕೂತಲ್ಲಿಂದ ಕೈಗೆ ಸಿಗೋ ಸ್ವಿಚ್.

ಸ್ಮಿತಾ: ಸ್ವಿಚ್ ನೆಲದಿಂದ ಎರಡು ಅಡಿ ಎತ್ತರಕ್ಕೆ ಹಾಕಿಸಿ. ವೈರ್ ಓಡಾಡೋ ದಾರಿಗೆ ಅಡ್ಡ ಬರಬಾರದು, ದೊಡ್ಡಮ್ಮ ರಾತ್ರಿ ಎದ್ದು ನಡೀತಾರೆ. ಜಮಖಾನದ ಅಡಿಗೂ ಜಾರದ ಹಾಗೆ ರಬ್ಬರ್ ಜಾಲರಿ ಬೇಕು.

ದೀಪಾ: ನಾನಿನ್ನೂ ರೂಮೇ ವಾಸಿ ಅಂತೀನಿ. ಆದ್ರೆ ಟಿವಿ ಹೋಗೋದಾದ್ರೆ ಹಾಲಿಗೆ ಒಪ್ಪಿದೆ. ಟಿವಿ ಅಲ್ಲೇ ಇದ್ರೆ ನನ್ನ ದುಡ್ಡು ಅಮ್ಮನ ರೂಮಿನ ಶೆಲ್ಫ್‌ಗೆ. ವಿನಯ್, ಸೋಮವಾರದೊಳಗೆ ಹೇಳು.

ವಿನಯ್: ಭಾನುವಾರ ರಾತ್ರಿ ಹೇಳ್ತೀನಿ.

ಧಾರವಾಡ ಮಾವ: ಜಮಖಾನದ ಅಳತಿ ಕಳಸ್ರಿ. ನೇಯಸಾಕ ಹೇಳಬೇಕಂದ್ರ ಹೊತ್ತು ಹಿಡಿತೈತಿ.

ಕಾವ್ಯಾ: 4 ಅಡಿ, 6 ಅಡಿ ಮಾವ. ಕುರ್ಚಿ, ಮೇಜು, ಪುಟ್ಟಿ ಮಣೆ ಮೂರೂ ಅದರ ಮೇಲೇ ಕೂರ್ಬೇಕು.