ಟುಫ್ಟೆ ಟೋಕಿಯೊದಲ್ಲಿ ಚಿನ್ನ ಗೆಲ್ಲಲಿಲ್ಲ, ದೊಡ್ಡಪ್ಪ

ದೊಡ್ಡಪ್ಪ (ಫಾರ್ವರ್ಡ್): ನಾರ್ವೆಯ ರೈತ ಓಲಾಫ್ ಟುಫ್ಟೆ 45ನೇ ವಯಸ್ಸಿನಲ್ಲಿ ಟೋಕಿಯೊ ಒಲಿಂಪಿಕ್ಸ್‌ನ ರೋಯಿಂಗ್‌ನಲ್ಲಿ ಚಿನ್ನ ಗೆದ್ದರು! ಏಳು ಒಲಿಂಪಿಕ್ಸ್ ಕಂಡ ಜಗತ್ತಿನ ಏಕೈಕ ಕ್ರೀಡಾಪಟು! ಎಲ್ಲ ಗುಂಪುಗಳಿಗೂ ಕಳುಹಿಸಿ.

ದೊಡ್ಡಪ್ಪ: ಮೂವತ್ತಕ್ಕೇ ಬೆನ್ನುನೋವು ಎನ್ನುವ ನಮ್ಮ ಮನೆಯ ಮಕ್ಕಳು ಇದನ್ನು ಓದಬೇಕು. ದುಡಿಯುವ ಮೈಗೆ ವಯಸ್ಸಿಲ್ಲ.

ನಾನು: ದೊಡ್ಡಪ್ಪ, ಅವರು ರೈತರೆಂಬುದೂ ಏಳು ಒಲಿಂಪಿಕ್ಸ್‌ಗಳಲ್ಲಿ ಸ್ಪರ್ಧಿಸಿದರೆಂಬುದೂ ನಿಜ. ಆದರೆ ಚಿನ್ನ ಗೆದ್ದದ್ದು 2004ರಲ್ಲಿ ಅಥೆನ್ಸ್‌ನಲ್ಲಿ ಮತ್ತು 2008ರಲ್ಲಿ ಬೀಜಿಂಗ್‌ನಲ್ಲಿ, ಎರಡೂ ಸಲ ಒಬ್ಬರೇ ಹುಟ್ಟು ಹಾಕುವ ಸಿಂಗಲ್ ಸ್ಕಲ್ಸ್‌ನಲ್ಲಿ. 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ ಅವರು ನಾಲ್ವರ ದೋಣಿಯಲ್ಲಿದ್ದರು. ಆ ದೋಣಿ ಪದಕದ ಫೈನಲ್ ತಲುಪಲಿಲ್ಲ. ‘ಏಕೈಕ’ ಎಂಬುದೂ ತಪ್ಪು, ನಮ್ಮ ಲಿಯಾಂಡರ್ ಪೇಸ್ ಅವರೂ ಏಳು ಒಲಿಂಪಿಕ್ಸ್ ಆಡಿದ್ದಾರೆ. ಈ ಸಂದೇಶ ನಿಮಗೆ ಎಲ್ಲಿಂದ ಬಂತು?

ಅತ್ತೆ: ದೋಣಿ ಎಂದಕೂಡಲೇ ಮಳೆಗಾಲದಲ್ಲಿ ಹೊಳೆ ದಾಟಿ ಶಾಲೆಗೆ ಹೋಗುತ್ತಿದ್ದದ್ದು ನೆನಪಾಯಿತು. ಅಂಬಿಗ ಜಲ್ಲೆ ಊರಿ ದೋಣಿಯನ್ನು ಸೆಳವಿನಿಂದ ತಪ್ಪಿಸುವಾಗ ದೊಡ್ಡಣ್ಣ ನನ್ನ ಜಡೆಯನ್ನು ಬಿಗಿಯಾಗಿ ಹಿಡಿದುಕೊಂಡು ಕೂರುತ್ತಿದ್ದ.

ಭಾವ: ಹಿರಿಯರು ಒಳ್ಳೆಯ ಮನಸ್ಸಿನಿಂದ ಹಾಕಿದ್ದರಲ್ಲೆಲ್ಲ ನೀನು ತಪ್ಪು ಹುಡುಕುತ್ತೀಯ. ನಮ್ಮ ಗೃಹಪ್ರವೇಶದ ಕರೆಯೋಲೆಯಲ್ಲಿಯೂ ಇದನ್ನೇ ಮಾಡಿದೆ. ಚಿನ್ನ ಯಾವ ವರ್ಷದ್ದಾದರೇನು?

ನಾನು: ವರ್ಷ ಬದಲಾದರೆ ಕಥೆಯೇ ಬದಲಾಗುತ್ತದೆ, ಭಾವ. ರೋಯಿಂಗ್‌ನಲ್ಲಿ ಗುರಿಗೆ ಬೆನ್ನು ಹಾಕಿ ಕೂರಬೇಕು. ಹಿಂದೆ ಬಿದ್ದವರು ಕಾಣುತ್ತಾರೆ, ತಲುಪಬೇಕಾದ ಗೆರೆ ಕಾಣುವುದಿಲ್ಲ. ಬೀಜಿಂಗ್‌ನಲ್ಲಿ ಹಾಗೆ ಕುಳಿತು 2000 ಮೀಟರ್ ಕ್ರಮಿಸಿದ ಟುಫ್ಟೆ, ಜೆಕ್ ದೇಶದ ಸಿನೆಕ್ ಅವರನ್ನು ಒಂದು ಸೆಕೆಂಡಿಗೂ ಕಡಿಮೆ ಅಂತರದಿಂದ ಸೋಲಿಸಿದರು. ನಾಲ್ಕು ವರ್ಷಗಳ ನಂತರ ಲಂಡನ್‌ನಲ್ಲಿ ಅವರಿಗೆ ಸಿಕ್ಕಿದ್ದು ಒಂಬತ್ತನೆಯ ಸ್ಥಾನ. ಎರಡು ಚಿನ್ನ ಗೆದ್ದವರು ಅಲ್ಲಿಗೇ ಹುಟ್ಟು ಕೆಳಗಿಡದೆ, 40ನೇ ವಯಸ್ಸಿನಲ್ಲಿ ರಿಯೊಗೆ ಹೋಗಿ ಶೆಟಿಲ್ ಬೋರ್ಕ್ ಜೊತೆ ಕಂಚು ಗೆದ್ದರು, ಅದಾಗಿ ಐದು ವರ್ಷಕ್ಕೆ ಟೋಕಿಯೊಗೂ ಹೋದರು. ಪದಕವಿಲ್ಲದ ಆ ಕೊನೆಯ ಸ್ಪರ್ಧೆಯನ್ನು ಅಳಿಸಿ ಅಲ್ಲಿ ಚಿನ್ನವೆಂದು ಬರೆದರೆ ಅದು ಆ ಮನುಷ್ಯನಿಗೆ ಮಾಡುವ ಅನ್ಯಾಯ. ಸೋಲುವ ಸಂಭವವೇ ಹೆಚ್ಚು ಎಂದು ತಿಳಿದೂ ನೀರಿಗಿಳಿದದ್ದೇ ನನಗೆ ಆ ಚಿನ್ನಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ನಾನು: ಇನ್ನೊಂದು ಮಾತು, ದೊಡ್ಡಪ್ಪ. ನಾನು 38ಕ್ಕೆ ಬೆಂಗಳೂರಿನ ಕೆಲಸ ಬಿಟ್ಟು ತೋಟಕ್ಕೆ ಬಂದಾಗ ‘ಈ ವಯಸ್ಸಿಗೆ ಮೈ ಬಗ್ಗುವುದಿಲ್ಲ’ ಎಂದು ಇದೇ ಗುಂಪಿನಲ್ಲಿ ಬರೆದವರು ನೀವು. ಅದು ಈಗಲೂ ಮನಸ್ಸಿನಲ್ಲಿ ಚುಚ್ಚುತ್ತದೆ.

ಅತ್ತೆ: ಅದನ್ನು ಈಗ ಎತ್ತಬೇಕಾಗಿತ್ತೇ, ಮಗಾ?

ದೊಡ್ಡಪ್ಪ: ಎತ್ತಲಿ ಬಿಡು. ಬರೆದದ್ದು ಹೌದು. ತೋಟದ ಸಾಲದಲ್ಲಿ ಇವನ ಅಪ್ಪ ಪಟ್ಟ ಪಾಡನ್ನು ಕಣ್ಣಾರೆ ಕಂಡಿದ್ದ ಭಯದಲ್ಲಿ ಬರೆದೆ. ಈ ಸಂದೇಶವನ್ನು ನಾನು ಪೂರ್ತಿ ಓದದೆ ಮೂರು ಗುಂಪುಗಳಿಗೆ ಕಳುಹಿಸಿದ್ದೇನೆ. ನೀನು ಅಥೆನ್ಸ್, ಬೀಜಿಂಗ್, ಟೋಕಿಯೊ ಎಲ್ಲವನ್ನೂ ಸರಿಯಾಗಿ ಬರೆದು ಹಾಕು, ಅಲ್ಲಿಗೂ ಅದನ್ನೇ ಕಳುಹಿಸುತ್ತೇನೆ. ಅಡಿಕೆಗೆ ಎರಡನೆಯ ಸಲದ ಬೋರ್ಡೋ ಔಷಧಿ ಹೊಡೆದಾಯಿತೇ?