ಹಾರ್ಟ್ ಫೇಲ್ಯೂರ್: ಉಪ್ಪು ಎಷ್ಟು, ಲ್ಯಾಸಿಕ್ಸ್ ಯಾವಾಗ?

ಪ್ರಶ್ನೆ (ಅಂಕೋಲಾ): ಡಾಕ್ಟ್ರೇ, ಅಪ್ಪನಿಗೆ 68. ಹಾರ್ಟ್ ಫೇಲ್ಯೂರ್, ಅಂದರೆ ಹೃದಯದ ಪಂಪಿಂಗ್ ಶಕ್ತಿ ಕುಂದಿ, ಶ್ವಾಸಕೋಶದಲ್ಲಿ ನೀರು ತುಂಬಿ ಅಡ್ಮಿಟ್ ಆಗಿದ್ದರು. ಈಗ ಮನೆಯಲ್ಲಿ ಮೂತ್ರದಲ್ಲಿ ಉಪ್ಪುನೀರು ಹೊರಹಾಕುವ ಲ್ಯಾಸಿಕ್ಸ್ 40 ಮಿಗ್ರಾಂ ಮಾತ್ರೆ ದಿನಕ್ಕೆ ಎರಡು, ಸ್ಪೈರೊನೊಲ್ಯಾಕ್ಟೋನ್ 25 ಮಿಗ್ರಾಂ ಒಂದು. ಸಪ್ಪೆ ಊಟ ಸೇರುವುದಿಲ್ಲ, ಗಂಜಿಗೆ ಮಿಡಿ ಉಪ್ಪಿನಕಾಯಿ ಬೇಕೇ ಬೇಕು. ಉಪ್ಪು ಪೂರ್ತಿ ಬಿಡಿಸಬೇಕಾ? ಸಾಣಿಕಟ್ಟಾದ ಕಲ್ಲುಪ್ಪು, ಇಲ್ಲವೇ ಲೋ ಸೋಡಿಯಂ ಉಪ್ಪು ಆದರೆ ಅಡ್ಡಿಯಿಲ್ಲವಾ?

ಉತ್ತರ: ಪೂರ್ತಿ ಬಿಡಿಸಬೇಡಿ. 2013ರಲ್ಲಿ ಬ್ರೆಜಿಲ್‌ನಲ್ಲಿ ಅಡ್ಮಿಟ್ ಆಗಿದ್ದ ಇಂಥ ರೋಗಿಗಳಿಗೆ ದಿನಕ್ಕೆ 800 ಮಿಗ್ರಾಂ ಸೋಡಿಯಂ (ಸುಮಾರು 2 ಗ್ರಾಂ ಉಪ್ಪು), 800 ಮಿಲೀ ನೀರು ಎಂದು ಬಿಗಿ ಮಾಡಿ ನೋಡಿದರು. ತೂಕವೇನೂ ಹೆಚ್ಚು ಇಳಿಯಲಿಲ್ಲ, ಬಾಯಾರಿಕೆ ಮಾತ್ರ ಹೆಚ್ಚಿತು. ದಿನಕ್ಕೆ 5 ಗ್ರಾಂ ಉಪ್ಪು, ಅಂದರೆ ಮಟ್ಟಸವಾದ ಒಂದು ಟೀ ಚಮಚ ಮೀರದಿರಲಿ. ಅಡುಗೆಯದ್ದು, ಹಪ್ಪಳದ್ದು ಎಲ್ಲ ಸೇರಿ. ಮಿಡಿ ತಿಂಗಳುಗಟ್ಟಲೆ ಉಪ್ಪುನೀರಲ್ಲಿ ಕೂತದ್ದು. ಅದೂ ಒಣಮೀನೂ ಬೇಡ. ಗಂಜಿಗೆ ನಿಂಬೆರಸ, ಹಸಿಶುಂಠಿ, ಉಪ್ಪು ಕಡಿಮೆ ಹಾಕಿದ ಒಂದೆಲಗದ ತಂಬುಳಿ ಕೊಡಿ.

ಕಲ್ಲುಪ್ಪೂ ಸೋಡಿಯಂ ಕ್ಲೋರೈಡೇ. ಲೋ ಸೋಡಿಯಂ ಉಪ್ಪಂತೂ ಬೇಡವೇ ಬೇಡ: ಅದರಲ್ಲಿ ಪೊಟ್ಯಾಸಿಯಂ ಬೆರೆಸಿರುತ್ತಾರೆ, ಸ್ಪೈರೊನೊಲ್ಯಾಕ್ಟೋನ್ ಪೊಟ್ಯಾಸಿಯಂ ಹೊರಹೋಗದಂತೆ ತಡೆಯುತ್ತದೆ. ಎರಡೂ ಸೇರಿದರೆ ಹೃದಯದ ಬಡಿತವೇ ತಪ್ಪಬಹುದು.

ಲ್ಯಾಸಿಕ್ಸ್ ಮಾತ್ರೆಯ ಕೆಲಸ ಸುಮಾರು 6 ತಾಸು. ಆಮೇಲೆ ಕಿಡ್ನಿ ಸೇಡು ತೀರಿಸಿಕೊಂಡಂತೆ ಉಪ್ಪನ್ನು ಹಿಡಿದಿಡುತ್ತದೆ. ಬೆಳಿಗ್ಗೆ 7ಕ್ಕೆ, ಮಧ್ಯಾಹ್ನ 2ಕ್ಕೆ ಮಾತ್ರೆ ಕೊಟ್ಟರೆ ರಾತ್ರಿ ಊಟ ಸರಿಯಾಗಿ ಆ ಹೊತ್ತಿಗೇ ಬೀಳುತ್ತದೆ. ಹಾಗಾಗಿ ಕೈ ಬಿಗಿಹಿಡಿಯಬೇಕಾದ್ದು ರಾತ್ರಿಯ ಅಡುಗೆಗೆ.

ಪ್ರಶ್ನೆ (ಅವರೇ): ಮದುವೆ ಊಟ ಉಂಡ ದಿನ ಒಂದು ಮಾತ್ರೆ ಜಾಸ್ತಿ ಕೊಡಬಹುದಾ?

ಉತ್ತರ: ನೀವಾಗಿಯೇ ಕೊಡಬೇಡಿ. ದಿನಾ ಬೆಳಿಗ್ಗೆ ಮೂತ್ರ ಮಾಡಿ ಬಂದ ಮೇಲೆ, ತಿಂಡಿಗೆ ಮುಂಚೆ, ತೂಕ ನೋಡಿ ಬರೆದಿಡಿ. 3 ದಿನದಲ್ಲಿ 2 ಕೆಜಿಗಿಂತ ಹೆಚ್ಚು ಏರಿದರೆ ನೋಡುವ ಡಾಕ್ಟರಿಗೆ ಫೋನ್ ಮಾಡಿ. ತೂಕ ಇಳಿದು ತಲೆ ತಿರುಗಿದರೂ, ವಾಂತಿಭೇದಿ ಆದರೂ ಹಾಗೆಯೇ. ಮಲಗಿದಾಗ ಉಸಿರು ಕಟ್ಟಿದರೆ ಸೀದಾ ಆಸ್ಪತ್ರೆ. ಮಂಡಿನೋವಿಗೆಂದು ಡೈಕ್ಲೋಫೆನಾಕ್ ಕೊಡಬೇಡಿ, ಅದೂ ಉಪ್ಪುನೀರು ಹಿಡಿದಿಡುತ್ತದೆ, ಲ್ಯಾಸಿಕ್ಸ್ ಕೆಲಸವನ್ನೂ ಕುಂದಿಸುತ್ತದೆ.

ಪ್ರಶ್ನೆ (ಶಿರಸಿ): ನಮ್ಮ ಮಾವನಿಗೂ ಇದೇ ಕಾಯಿಲೆ, ಲ್ಯಾಸಿಕ್ಸ್ ಮಾತ್ರೆಯಿಂದ ಮೂತ್ರ ಬರಲಿಲ್ಲ. ಆಸ್ಪತ್ರೆಯಲ್ಲಿ ಅದರದ್ದೇ ಇಂಜೆಕ್ಷನ್ ಕೊಟ್ಟು, 2 ತಾಸಿಗೆ ಮೂತ್ರ ಟೆಸ್ಟ್ ಮಾಡಿ, ಡೋಸ್ ಡಬಲ್ ಮಾಡಿದರು. ಯಾಕೆ?

ಉತ್ತರ: ಕಾಲಿನ ಹಾಗೆ ಕರುಳೂ ಊದಿರುತ್ತದೆ, ಮಾತ್ರೆ ರಕ್ತಕ್ಕೆ ಸೇರುವುದು ನಿಧಾನ. ಅದಕ್ಕೇ ಇಂಜೆಕ್ಷನ್. ಈ ಔಷಧಿ ಒಂದು ಮಟ್ಟ ದಾಟಿದರೆ ಮಾತ್ರ ಕೆಲಸ ಶುರು. 2 ತಾಸಿನ ಮೂತ್ರದಲ್ಲಿ ಸೋಡಿಯಂ ಲೀಟರಿಗೆ 50ರಿಂದ 70 ಮಿಲಿಮೋಲ್‌ಗಿಂತ ಕೆಳಗಿದ್ದರೆ, ಅಥವಾ ಮೊದಲ 6 ತಾಸಿನಲ್ಲಿ ಮೂತ್ರ ತಾಸಿಗೆ 100ರಿಂದ 150 ಮಿಲೀ ಮುಟ್ಟದಿದ್ದರೆ, ಆ ಡೋಸ್ ಸಾಲಲಿಲ್ಲ ಎಂದೇ ಲೆಕ್ಕ. ಅಷ್ಟನ್ನೇ ಮತ್ತೆ ಕೊಡುತ್ತ ಕೂರುವುದಕ್ಕಿಂತ ಡಬಲ್ ಮಾಡಿದ್ದೇ ಸರಿ.